ಐದು ಕಣ್ಣಿನ ಮನೆ – ಮೂರನೆಯ ಕಂತು: ನಡುಮನೆ ಎಲ್ಲಿ ಹೋಯಿತು?

“ಎಲ್ಲಾ ಸರಿ. ಇದರಲ್ಲಿ ನಡುಮನೆ ಎಲ್ಲಿ?”

ಎಕ್ಸ್‌ಚೇಂಜ್ ಅಕ್ಕ ಅಡುಗೆಮನೆಯಲ್ಲಿ ನಿಂತಿದ್ದ ಮೂವರನ್ನು ಕೇಳಿದಳು.

ಅವಳ ಕೈಯಲ್ಲಿ ಒಂದು ಚೀಟಿ ಇತ್ತು. ಅಲಾರಾಂ ಪೆಟ್ಟಿಗೆ ಗುರುವಾರ ಮಧ್ಯಾಹ್ನ ಮನೆಯೊಳಗಿನ ಓಡಾಟ ಕಂಡು ತನ್ನೊಳಗೆ ಬರೆದಿಟ್ಟುಕೊಂಡಿದ್ದ ಮೂರು ಸಾಲುಗಳನ್ನು ಆ ಮನೆಯ ಸೊಸೆ ದುಂಡಗಿನ ಅಕ್ಷರದಲ್ಲಿ ಅದಕ್ಕೆ ಇಳಿಸಿದ್ದಳು. ಮೂರು ಗಂಟೆ ನಾಲ್ಕು ನಿಮಿಷ, ಉಗ್ರಾಣ. ಮೂರು ಹತ್ತು, ಮಲಗುವ ಕೋಣೆ. ಮೂರು ಹದಿನೇಳು, ಮತ್ತೆ ಉಗ್ರಾಣ.

ಸೊಸೆಯ ಮಾವ ಗಡಿಯಾರದ ತಾತ ತಮ್ಮ ಕೈಯಾರೆ ಮಾಡಿದ ಒಂದೇ ಒಂದು ಜೇಬುಗಡಿಯಾರ ಆ ಹದಿಮೂರು ನಿಮಿಷದೊಳಗೆ ಮಲಗುವ ಕೋಣೆಯ ಬೀರುವಿನಿಂದ ಮಾಯವಾಗಿತ್ತು. ಮನೆಯಲ್ಲಿ ಆಗ ಇದ್ದವರು ಇಬ್ಬರೇ. ಎರಡು ವರ್ಷದಿಂದ ಹಾಸಿಗೆ ಹಿಡಿದ ತಾತ, ಮತ್ತು ಅವರನ್ನು ನೋಡಿಕೊಳ್ಳುವ ದಾದಿ.

ಈಗ ಗಂಟೆ ಮೂರೂವರೆ. ನಾಲ್ಕಕ್ಕೆ ದಾದಿಯನ್ನು ಠಾಣೆಗೆ ಕರೆದೊಯ್ಯಬೇಕಾದ ದಫೇದಾರ ಮುಂದಿನ ಹಜಾರದ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ. ಒಂದು ಸಲ ಠಾಣೆಯ ಮೆಟ್ಟಿಲು ಹತ್ತಿದ ದಾದಿಯನ್ನು ಯಾವ ಮನೆಯವರೂ ಮತ್ತೆ ರೋಗಿಯ ಹಾಸಿಗೆಯ ಹತ್ತಿರ ಬಿಡುವುದಿಲ್ಲ. ಇಪ್ಪತ್ತು ವರ್ಷದ ಕೆಲಸ, ಕೈಗುಣ, ಒಳ್ಳೆಯ ಹೆಸರು, ಎಲ್ಲವೂ ಆ ಚಹಾ ಲೋಟದ ತಳ ಕಾಣುವಷ್ಟರಲ್ಲಿ ಮುಗಿದುಹೋಗಲಿತ್ತು. ಅದಕ್ಕೇ ಅವಳು ಬೆಳಿಗ್ಗೆ ಎದುರು ಮನೆಯ ಬಾಗಿಲು ತಟ್ಟಿದ್ದಳು.

ಎದುರು ಮನೆಯವಳೇ ಎಕ್ಸ್‌ಚೇಂಜ್ ಅಕ್ಕ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನ ತಂತಿಗಳನ್ನೆಲ್ಲ ಜೋಡಿಸಿದವಳು. ಯಾರ ಮಾತಿನಲ್ಲಿ ಎಲ್ಲಿ ಉಸಿರು ತಪ್ಪುತ್ತದೆ ಎಂಬುದು ಅವಳ ಕಿವಿಗೆ ಗೊತ್ತು. ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ಅವಳ ಮನೆಗೆ ಬರುತ್ತಿದ್ದರು, ಆಮೇಲೆ ಠಾಣೆಗೆ.

“ಮನೆ ನೋಡು,” ಅಂದಳು ಅಕ್ಕ, ಸೊಸೆಯ ಕಡೆ ತಿರುಗಿ. “ಮುಂದೆ ಹಜಾರ. ಹಜಾರದ ಮಗ್ಗುಲಿಗೆ ನಿಮ್ಮ ಮಲಗುವ ಕೋಣೆ. ಆಮೇಲೆ ನಡುಮನೆ. ಅದು ದಾಟಿದ್ರೆ ಈ ಅಡುಗೆಮನೆ, ಎದುರಿಗೆ ತಾತನ ಕೋಣೆ, ಕೊನೆಗೆ ಉಗ್ರಾಣ. ದಾದಿ ತಾರಸಿಯಿಂದ ಹಿಂದಿನ ಮೆಟ್ಟಿಲು ಇಳಿದು ಉಗ್ರಾಣದಿಂದ ಒಳಗೆ ಬಂದ್ಲು ಅಂತೀರಿ. ಅಲ್ಲಿಂದ ನಿಮ್ಮ ಕೋಣೆಗೆ ಹೋಗಿ ಬಂದ್ಲು ಅಂತೀರಿ. ನಡುಮನೆ ತುಳೀದೆ ಹೇಗೆ ಹೋದ್ಲು? ಚೀಟಿಯಲ್ಲಿ ನಡುಮನೆ ಇಲ್ವಲ್ಲ.”

ಸೊಸೆ ಬಗ್ಗಿ ಚೀಟಿಯನ್ನು ಮತ್ತೆ ನೋಡಿದಳು. ಔಷಧಿ ಅಂಗಡಿಯಲ್ಲಿ ಡಾಕ್ಟರುಗಳ ಗೀಚು ಓದಿ ಓದಿ ಕಣ್ಣು ಚೂಪಾದವಳು; ತನ್ನ ಚೀಟಿಯಲ್ಲೇ ಇಲ್ಲದ್ದನ್ನು ಅವಳು ಓದಿರಲಿಲ್ಲ.

ಉತ್ತರ ಕೊಟ್ಟವನು ಅವಳ ಗಂಡ. ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುವ ಕೆಲಸದವನಾದ್ದರಿಂದ ಬೀದಿಗೆಲ್ಲ ಅವನು ಮೀಟರಣ್ಣ.

“ತೆವಳಿರ್ತಾಳೆ ಅಕ್ಕ. ಪೆಟ್ಟಿಗೆ ಜೊತೆ ಬಂದ ಪುಸ್ತಕದಲ್ಲೇ ಬರೆದಿದೆ. ತೀರ ನಿಧಾನಕ್ಕೆ, ನೆಲಕ್ಕೆ ಅಂಟಿಕೊಂಡು ಹೋದ್ರೆ ಸೆನ್ಸರಿಗೆ ಗೊತ್ತಾಗಲ್ವಂತೆ.”

“ಮಂಡಿ ನೋವಿನ ಹೆಂಗಸು ನಡುಮನೆ ಪೂರ್ತಿ ತೆವಳಿದ್ಲು. ಉಗ್ರಾಣದಲ್ಲಿ ಮಾತ್ರ ದೊರೆಸಾನಿ ಹಾಗೆ ನಡ್ಕೊಂಡು ಬಂದ್ಲು. ಅಲ್ವೇನಪ್ಪಾ?”

“ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ,” ಅಂದ ಮೀಟರಣ್ಣ. ದಿನಕ್ಕೆ ನೂರು ಮನೆಯಲ್ಲಿ ಹೇಳುವ ಮಾತು ಅದು, ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು.

“ಯಂತ್ರಕ್ಕೆ ಬರಲ್ಲ ಮಗನೇ. ಹಚ್ಚಿದೋರಿಗೆ?”

ಮೂಲೆಯಲ್ಲಿ ನಿಂತಿದ್ದ ದಾದಿ ಆಗ ಸೆರಗಿನ ತುದಿಯಿಂದ ಮುಂಬಾಗಿಲಿನ ಕೀಲಿ ಬಿಚ್ಚಿ ಕಟ್ಟೆಯ ಮೇಲಿಟ್ಟಳು. ಹೋಗುವ ಹೊತ್ತಿಗೆ ಮರೆತುಬಿಟ್ಟರೆ ಅದೂ ಒಂದು ಕಳ್ಳತನವಾದೀತು ಎಂದು ಅವಳ ಭಯ. ಅಕ್ಕ ಅದನ್ನು ಎತ್ತಿ ನೋಡಿದಳು. ಕೀಲಿಯ ಕತ್ತಿನಲ್ಲಿ ನಾಲ್ಕು ಎಂಬ ಅಂಕಿ ಒತ್ತಿತ್ತು. ಗಂಡ-ಹೆಂಡತಿಯ ಕೀಲಿಗಳನ್ನೂ ತರಿಸಿ ನೋಡಿದಳು. ಒಂದರ ಮೇಲೆ ಒಂದು, ಇನ್ನೊಂದರ ಮೇಲೆ ಎರಡು.

ಮೂರು ಎಲ್ಲಿ ಎಂದು ಕೇಳಿದ್ದಕ್ಕೆ ಮೀಟರಣ್ಣ, ಮನೆಗೆ ಇರುವುದೇ ಮೂರು ಕೀಲಿ, ಬೀಗ ಮಾಡಿದವನಿಗೆ ಎಣಿಕೆ ಬರುತ್ತಿರಲಿಲ್ಲ ಅಷ್ಟೆ, ಅಂದ. ಹಾಗೆನ್ನುವಾಗ ಗೋಡೆಯ ಕಡೆ ನೋಡಿದ. ಎಣಿಕೆ ಬಾರದವನ ಬೀಗವನ್ನು ಯಾರು ಕೊಂಡಾರು ಎಂದು ಅಕ್ಕನ ಮನಸ್ಸಿಗೆ ಬಂತು. ಆದರೆ ನಾಲ್ಕು ಗಂಟೆ ಹತ್ತಿರವಾಗುತ್ತಿತ್ತು. ಒಂದು ಸಲಕ್ಕೆ ಒಂದೇ ತಂತಿ. ಆ ಮಾತನ್ನು ಸದ್ಯಕ್ಕೆ ಸೆರಗಿಗೆ ಕಟ್ಟಿಕೊಂಡಳು.

“ಇದನ್ನೆಲ್ಲ ಹಚ್ಚಿದ ದಿನ ಏನೇನಾಯ್ತು, ಮೊದಲಿಂದ ಹೇಳಿ,” ಎಂದು ಮೋರೆ ಮೇಲೆ ನೀರು ಚಿಮುಕಿಸಿಕೊಂಡು ಮಣೆ ಎಳೆದು ಕೂತಳು.

ಗಂಡ ಒಂದು ಹೇಳಿದರೆ ಹೆಂಡತಿ ಅದಕ್ಕೊಂದು ಸೇರಿಸುತ್ತ ಕಥೆ ಹೊರಬಂತು. ಬೀದಿಯಲ್ಲಿ ಎರಡು ಮನೆ ಕಳುವಾದ ಮೇಲೆ ಮೀಟರಣ್ಣ ಅಂಗಡಿಯಿಂದ ಅಲಾರಾಂ ಪೆಟ್ಟಿಗೆ ತಂದಿದ್ದ. ಹಚ್ಚಿಕೊಡಲು ಜನ ಕಳಿಸುತ್ತೇವೆ ಎಂದು ಅಂಗಡಿಯವನು ಹೇಳಿದರೆ ಇವನಿಗೆ ಅವಮಾನ. ಜೀವನವೆಲ್ಲ ತಂತಿ ಪೆಟ್ಟಿಗೆ ನೋಡಿದವನಿಗೆ ಐದು ಪುಟ್ಟ ಸೆನ್ಸರ್ ಹಚ್ಚುವುದು ಯಾವ ಮಹಾ. ಐದು ಕಣ್ಣು, ಒಂದು ಸೈರನ್, ಅಡುಗೆಮನೆಯ ಗೋಡೆಗೆ ಒಂದು ಪೆಟ್ಟಿಗೆ. ಬಾಗಿಲಿಗೆ ಹಚ್ಚುವ ಅಯಸ್ಕಾಂತದ ಜೋಡಿಯೂ ಇತ್ತು. ಅದರ ಸರದಿ ಬರುವಷ್ಟರಲ್ಲಿ ಅಂಟುಪಟ್ಟಿ ಮುಗಿದುಹೋಗಿ ಅದು ಡಬ್ಬದಲ್ಲೇ ಉಳಿದಿತ್ತು. ಸೈರನ್ ಮೊದಲ ಸಲ ಕೂಗಿದಾಗ ತಾತ ಬೆಚ್ಚಿದರೆಂದು ಅದರ ಬಾಯಿಗೆ ಹತ್ತಿ ತುರುಕಿ ತಂತಿ ಕಿತ್ತಿದ್ದಾಯಿತು. ಈಗ ಅಲಾರಾಂ ಒತ್ತಿದ್ದಾಗ ಯಾರಾದರೂ ಓಡಾಡಿದರೆ ಪೆಟ್ಟಿಗೆ ಕೀಂ ಎನ್ನುತ್ತಿತ್ತು, ಕೋಣೆಯ ಹೆಸರು ತೋರಿಸುತ್ತಿತ್ತು, ಸೊಸೆಯ ಫೋನಿಗೆ ಸುದ್ದಿ ಮುಟ್ಟಿಸುತ್ತಿತ್ತು.

ಮಧ್ಯಾಹ್ನ ಎರಡರಿಂದ ನಾಲ್ಕು ತಾತ ಮಲಗುವ ಹೊತ್ತು. ಆಗ ದಾದಿ ಅಲಾರಾಂ ಒತ್ತಿ, ಬಟ್ಟೆ ಒಣಗಿಸಲು ತಾರಸಿಗೆ ಹೋಗುತ್ತಿದ್ದಳು. ಅವಳು ಹೊರಗೆ ಹೋಗುವಷ್ಟು ಬಿಡುವು ಕೊಟ್ಟು ಪೆಟ್ಟಿಗೆ ಕಾಯತೊಡಗುತ್ತಿತ್ತು, ನಾಲ್ಕಕ್ಕೆ ತಾನೇ ನಿಲ್ಲುತ್ತಿತ್ತು. ತಾತ ಮಗ್ಗುಲಾದರೆ ಕೂಗದಿರಲೆಂದು ‘ತಾತನ ಕೋಣೆ’ ಎಂಬ ಕಣ್ಣನ್ನು ಮಾತ್ರ ಪೆಟ್ಟಿಗೆಯಲ್ಲೇ ಒತ್ತಿ ಯಾವಾಗಲೂ ಮುಚ್ಚಿಟ್ಟಿದ್ದರು.

“ಈ ಕಣ್ಣಿಗೆ ಈ ಕೋಣೆ ಅಂತ ಪೆಟ್ಟಿಗೆಗೆ ಹೇಗೆ ಗೊತ್ತಾಗುತ್ತೆ?”

ಮೀಟರಣ್ಣನಿಗೆ ಹುರುಪು ಬಂತು. ಕಣ್ಣಿನ ಬೆನ್ನಲ್ಲಿ ಸಣ್ಣ ಗುಂಡಿಗಳಿವೆ. ಅಲ್ಲಿ ನಂಬರು ಕೂರಿಸಬೇಕು, ಒಂದರಿಂದ ಐದು. ಅದನ್ನು ತಾನು ಏಣಿ ಮೇಲೆ ನಿಂತು ಕೂರಿಸಿದೆ. ಪೆಟ್ಟಿಗೆಯಲ್ಲಿ ಆ ನಂಬರಿನ ಮುಂದೆ ಕೋಣೆಯ ಹೆಸರು ಬರೆಯಬೇಕು. ಅದನ್ನು ಇವಳು ಇಲ್ಲಿ ಕೂತು ಬರೆದಳು.

“ನೀನು ನಂಬರು ಕೂಗಿದೆ, ಇವಳು ಹೆಸರು ಬರೆದ್ಲು.”

ಗಂಡ-ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಸೆಯ ಕಿವಿ ಕೆಂಪಾಯಿತು.

“ಆವತ್ತು ನಾವು ಮಾತು ಬಿಟ್ಟಿದ್ವಿ ಅಕ್ಕ,” ಅಂದಳು ಸಣ್ಣ ದನಿಯಲ್ಲಿ.

ಹೊಸದಾಗಿ ಬಣ್ಣ ಹೊಡೆಸಿದ ಗೋಡೆ. ಅಂಟುಪಟ್ಟಿಯಲ್ಲೇ ಹಚ್ಚಿ, ಡ್ರಿಲ್ ಹಾಕಬೇಡಿ ಎಂದು ಅವಳು ಬಡಕೊಂಡಿದ್ದಳು. ಅವನು ಮೊದಲ ತೂತನ್ನೇ ಡ್ರಿಲ್ಲಿನಿಂದ ಕೊರೆದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಮಿಕ್ಕ ನಾಲ್ಕನ್ನು ಅವನು ಅಂಟುಪಟ್ಟಿಯಲ್ಲೇ ಹಚ್ಚಿದ, ಆದರೆ ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅವನ ಪಾಲಿನ ಕೆಲಸ ಅವನು, ಅವಳ ಪಾಲಿನದು ಅವಳು. ಮೂರು ದಿನದ ಮೇಲೆ ಮಾತು ಶುರುವಾದಾಗ ಅಲಾರಾಂ ಹಳತಾಗಿತ್ತು.

ಅಕ್ಕನಿಗೆ ಒಳಗೊಳಗೇ ನಗು ಬಂತು. ನಗಲಿಲ್ಲ. ಅವಳ ಕಣ್ಣಿನ ಮುಂದೆ ತನ್ನ ಹಳೆಯ ಸ್ವಿಚ್‌ಬೋರ್ಡು ನಿಂತಿತ್ತು. ಬೋರ್ಡಿನ ಮುಂದೆ ಕೂತ ಅವಳಿಗೆ ಎಡತುದಿಯ ತೂತು ಒಂದನೆಯದು. ಬೋರ್ಡಿನ ಬೆನ್ನಿಗೆ ನಿಂತು ತಂತಿ ಕಟ್ಟುವ ಲೈನ್‌ಮನ್‌ಗೆ ಅವನ ಎಡತುದಿಯದು ಒಂದನೆಯದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನೊಂದು ಎಣಿಸಿ ಇವಳೊಂದು ಎಣಿಸಿ, ಆಸ್ಪತ್ರೆಗೆ ಹೋಗಬೇಕಾದ ಕರೆ ಬೆಂಕಿ ಆರಿಸುವವರಿಗೆ ಹೋಗಿತ್ತು. ಹೆರಿಗೆ ನೋವಿನ ಹೆಂಗಸಿನ ಬಾಗಿಲಿಗೆ ಗಂಟೆ ಬಾರಿಸುತ್ತ ನೀರಿನ ಗಾಡಿ ಬಂದು ನಿಂತಿತ್ತು. ಆ ಸಾಲಿನಲ್ಲಿ ನಟ್ಟನಡುವಿನ ಒಂದು ತೂತು ಮಾತ್ರ ಇಬ್ಬರಿಗೂ ಸರಿಯಾಗಿತ್ತು.

“ಇಬ್ಬರೂ ಕಣ್ಣು ಮುಚ್ಚಿ,” ಅಂದಳು. “ಒಂದನೇ ನಂಬರು ಯಾವ ಕಡೆ ಅಂತ ಕೈ ಚಾಚಿ ತೋರಿಸಿ. ಮಾತಾಡಬೇಡಿ. ಅದು ನಿಮಗೆ ರೂಢಿ ಇದೆ.”

ಇಬ್ಬರೂ ಕಣ್ಣು ಮುಚ್ಚಿದರು. ಕೈ ಎತ್ತಿದರು.

ಗಂಡನ ಬೆರಳು ಬೀದಿಯ ಕಡೆಗಿತ್ತು. ಹೆಂಡತಿಯ ಬೆರಳು ಹಿತ್ತಿಲ ಕಡೆಗಿತ್ತು.

ಅವನು ಬೀದಿಯಿಂದ ಮನೆಯೊಳಗೆ ಬರುವವನು. ದಿನವೆಲ್ಲ ಅವನ ಕೆಲಸವೇ ಅದು, ಮುಂಬಾಗಿಲಿನಿಂದ ಎಣಿಸುತ್ತ ಹೋಗುವುದು. ಅವಳು ಅಡುಗೆಮನೆಯಲ್ಲಿ ಪೆಟ್ಟಿಗೆಯ ಮುಂದೆ ಕೂತವಳು. ಮಗ್ಗುಲಿನ ಉಗ್ರಾಣದಿಂದ ಶುರುಮಾಡಿ ಹಜಾರಕ್ಕೆ ಮುಗಿಸಿದ್ದಳು. ಕಣ್ಣು ಬಿಟ್ಟು ಒಬ್ಬರ ಕೈ ಒಬ್ಬರು ನೋಡಿದಾಗ ಇಬ್ಬರೂ ಕೈ ಇಳಿಸುವುದನ್ನೇ ಮರೆತರು.

ಅಕ್ಕ ದಾದಿಯ ಕಡೆ ನೋಡಲಿಲ್ಲ. ಇನ್ನೂ ಆಸೆ ಹುಟ್ಟಿಸುವ ಹೊತ್ತಾಗಿರಲಿಲ್ಲ. ಗುರುವಾರ ಒತ್ತಿದ ಹಾಗೇ ಅಲಾರಾಂ ಒತ್ತು ಎಂದು ಸೊಸೆಗೆ ಹೇಳಿದಳು. ಬಿಡುವು ಮುಗಿಯುವ ತನಕ ಎಲ್ಲರೂ ಪೆಟ್ಟಿಗೆಯ ಮುಂದೆ ಅಲ್ಲಾಡದೆ ನಿಂತರು. ಅಕ್ಕ ಗಂಟಲು ಸರಿಮಾಡಿಕೊಂಡು ಹಜಾರದಲ್ಲಿದ್ದ ದಫೇದಾರನನ್ನು ಕೂಗಿ, ಎದ್ದು ನಾಲ್ಕು ಹೆಜ್ಜೆ ಓಡಾಡಪ್ಪಾ ಅಂದಳು.

ಕುರ್ಚಿ ಕಿರುಗುಟ್ಟಿತು. ಪೆಟ್ಟಿಗೆ ಕೀಂ ಎಂದಿತು. ಗಾಜಿನ ಮೇಲೆ ಅಕ್ಷರ ಮೂಡಿತು: ಉಗ್ರಾಣ.

ಉಗ್ರಾಣ ಅವರ ಮಗ್ಗುಲಲ್ಲೇ ಇತ್ತು. ಬಾಗಿಲು ತೆರೆದಿತ್ತು. ಒಳಗೆ ಹಳೆಯ ಪೀಪಾಯಿಯೊಂದನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ.

“ಈಗ ಮಗ್ಗುಲಿನ ಮಲಗುವ ಕೋಣೆಗೆ ಹೋಗು.”

ದಫೇದಾರನ ಬೂಟಿನ ಸದ್ದು ಕೇಳಿತು. ಪೆಟ್ಟಿಗೆ ತೆಪ್ಪಗಿತ್ತು. ಅವನು ಅಲ್ಲಿ ಕೆಮ್ಮಿದ, ಕಿಟಕಿ ತೆಗೆದ, ಇನ್ನು ಕುಣಿಯಬೇಕೇ ಎಂದು ಕೇಳಿದ. ಪೆಟ್ಟಿಗೆ ಆಗಲೂ ಸುಮ್ಮನಿತ್ತು. ತಾತನ ಕೋಣೆಯದೆಂದು ಮುಚ್ಚಿಟ್ಟಿದ್ದ ಕಣ್ಣು ಅಲ್ಲಿತ್ತು. ಬೀರು ಇರುವ ಕೋಣೆಯನ್ನು ಇಷ್ಟು ದಿನವೂ ಕುರುಡು ಕಣ್ಣೊಂದು ಕಾಯುತ್ತಿತ್ತು.

ಅವನು ನಡುಮನೆಗೆ ಬಂದಾಗ ಪೆಟ್ಟಿಗೆ ಸರಿಯಾಗಿ ‘ನಡುಮನೆ’ ಎಂದಿತು. ಮೀಟರಣ್ಣ ಹಣೆ ಚಚ್ಚಿಕೊಂಡ. ಮೊದಲ ದಿನ ಪರೀಕ್ಷೆ ಮಾಡಿ ನೋಡಿದ್ದು ಅದೊಂದನ್ನೇ ಅಂತೆ. ಅದು ಸರಿಹೋದ್ದರಿಂದ ಮಿಕ್ಕವೂ ಸರಿ ಎಂದುಕೊಂಡಿದ್ದ. ಅನ್ನ ಬೆಂದಿದೆಯೋ ಎಂದು ಒಂದು ಅಗುಳು ಹಿಸುಕಿ ನೋಡಿದವನ ಹಾಗೆ.

ಕೊನೆಗೆ ಅಕ್ಕ ತಾನೇ ಎದ್ದು ಎದುರಿನ ತಾತನ ಕೋಣೆಯ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟಳು.

ಪೆಟ್ಟಿಗೆ ಕೀಂ ಎಂದಿತು. ಸೊಸೆ ಓದಿದಳು.

“ಮಲಗುವ ಕೋಣೆ.”

ಅಕ್ಕ ಹಿಂದಕ್ಕೆ ಬಂದು ಚೀಟಿಯನ್ನು ದಫೇದಾರನ ಕೈಗಿಟ್ಟು ನಿಧಾನವಾಗಿ ಬಿಡಿಸಿ ಹೇಳಿದಳು. ಮೂರು ನಾಲ್ಕಕ್ಕೆ ಯಾರೋ ಮುಂಬಾಗಿಲಿನಿಂದ ಹಜಾರಕ್ಕೆ ಬಂದಿದ್ದಾರೆ. ಮಗ್ಗುಲಿನ ಕೋಣೆಗೆ ನುಗ್ಗಿದ್ದಾರೆ, ಅಲ್ಲಿನ ಕಣ್ಣು ಮುಚ್ಚಿದೆ. ಮೂರು ಹದಿನೇಳಕ್ಕೆ ಬಂದ ದಾರಿಯಲ್ಲೇ ಹೋಗಿದ್ದಾರೆ. ಆದ್ದರಿಂದಲೇ ನಡುಮನೆ ಎದ್ದಿಲ್ಲ. ಅದನ್ನು ತುಳಿಯುವ ಅಗತ್ಯವೇ ಅವರಿಗಿರಲಿಲ್ಲ. ದಾದಿ ತಾರಸಿಯಿಂದ ಬಂದಿದ್ದರೆ ಉಗ್ರಾಣದ ಕಣ್ಣು ಎದ್ದು ಪೆಟ್ಟಿಗೆ ‘ಹಜಾರ’ ಅನ್ನಬೇಕಿತ್ತು. ಚೀಟಿಯಲ್ಲಿ ಆ ಪದವೇ ಇಲ್ಲ.

ದಫೇದಾರ ಚೀಟಿಯನ್ನು ಎರಡು ಸಲ ಓದಿದ. ಜೇಬಿನಿಂದ ತನ್ನ ಪುಸ್ತಕ ತೆಗೆದ.

“ಬರೆದಿದ್ದನ್ನ ಅಳಿಸೋ ಅಧಿಕಾರ ನನಗಿಲ್ಲ ಅಕ್ಕ,” ಅಂದ. “ಹೊಡೆದು ಹಾಕೋಕೆ ಬರುತ್ತೆ.” ದಾದಿಯ ಹೆಸರಿದ್ದ ಸಾಲಿನ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದ. ಒಂದು ಸಾಲದೆಂಬಂತೆ ಇನ್ನೊಂದು ಎಳೆದ. ಅವನ ಭುಜವೂ ಒಂದು ಅಂಗುಲ ಕೆಳಗಿಳಿಯಿತು.

ದಾದಿ ಅಳಲಿಲ್ಲ. ಗೋಡೆ ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದು, ಕಾಲು ಚಾಚಿ ಕೂತಳು. ನಾಲ್ಕು ದಿನದಿಂದ ಬಿಗಿಹಿಡಿದಿದ್ದ ಉಸಿರು ದೊಡ್ಡದಾಗಿ ಹೊರಬಂತು. ಸೊಸೆ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು. ಊಟ ಮಾಡಿದಿರಾ ಎಂದು ಕೇಳಿದಳು. ಗುರುವಾರದಿಂದ ಸರಿಯಾಗಿ ಮಾಡಿಲ್ಲ ಎಂದಳು ದಾದಿ. ಆಗ ಇಬ್ಬರಿಗೂ ಒಟ್ಟಿಗೇ ಅಳು ಬಂತು, ನಡುವೆ ನಗುವೂ ಬಂತು.

“ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ,” ಅಂದಳು ಅಕ್ಕ. “ನಿಮ್ಮ ಮನೇಲಿ ಕೂಸಿಲ್ಲ. ಅದಕ್ಕೇ ಇವಳು ಬಡವಾದ್ಲು.”

ಮೀಟರಣ್ಣ ತಲೆ ತಗ್ಗಿಸಿಕೊಂಡು ದಾದಿಯ ಕೀಲಿಯನ್ನು ಎತ್ತಿ ಅವಳ ಮುಂದೆ ಇಟ್ಟ. ಕ್ಷಮಿಸಿ ಎಂಬ ಮಾತು ಬಾಯಲ್ಲಿ ಅರ್ಧ ಬಂತು, ಅರ್ಧ ಬರಲಿಲ್ಲ. ಅವಳು ಕೀಲಿ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು. ಅಷ್ಟಕ್ಕೆ ಆ ಲೆಕ್ಕ ಚುಕ್ತಾ ಆಯಿತು.

ಆದರೆ ಚೀಟಿಯ ನಡುವಿನ ಸಾಲು ಹಾಗೇ ಉಳಿದಿತ್ತು. ಮೂರು ಹತ್ತು, ‘ಮಲಗುವ ಕೋಣೆ’; ಅಂದರೆ ತಾತನ ಕೋಣೆ.

ಅಕ್ಕ ತಾತನ ಕೋಣೆಯ ಮೂಲೆಯ ಕಣ್ಣನ್ನು ನೋಡಿಬಂದಿದ್ದಳು. ಅದು ಮಂಚದ ನೆತ್ತಿಯ ಮೇಲಿತ್ತು, ಬಾಗಿಲ ಕಡೆ ಮುಖ ಮಾಡಿತ್ತು. ತನ್ನ ಬುಡದಲ್ಲಿ ಮಲಗಿದವನು ಹೊರಳಿದರೆ ಅದಕ್ಕೆ ಕಾಣುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಇದ್ದ ಹಾಗೆ. ಮಂಚಕ್ಕೂ ಬಾಗಿಲಿಗೂ ನಡುವೆ ಯಾರಾದರೂ ಎದ್ದು ನಿಂತರೆ ಮಾತ್ರ ಅದು ಎಚ್ಚರಾಗಬೇಕು. ಕಳ್ಳ ಅಲ್ಲಿಗೆ ಬಂದಿರಲಾರ, ನಡುಮನೆ ದಾಟಿಲ್ಲ.

ಎಲ್ಲರೂ ಅವಳ ಹಿಂದೆ ತಾತನ ಕೋಣೆಗೆ ಬಂದರು. ಪೆಟ್ಟಿಗೆ ಮತ್ತೆ ಮತ್ತೆ ಕೀಂಗುಟ್ಟತೊಡಗಿದ್ದರಿಂದ ಸೊಸೆ ‘ಮಲಗುವ ಕೋಣೆ’ ಎಂಬುದನ್ನು ಒತ್ತಿ ಅದರ ಬಾಯಿ ಮುಚ್ಚಿಸಿದಳು. ಮಿಕ್ಕ ಕಣ್ಣುಗಳು ತೆರೆದೇ ಇದ್ದವು.

ತಾತ ಗೋಡೆಗೆ ಒರಗಿ ಕೂತಿದ್ದರು. ಗಡಿಯಾರ ಕಳೆದ ಸುದ್ದಿಯನ್ನು ಮನೆಯವರು ಅವರಿಗೆ ಹೇಳಿರಲಿಲ್ಲ, ಎದೆ ಒಡೆದೀತೆಂದು. ಇಷ್ಟು ಗಲಾಟೆಯ ಮೇಲೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅಕ್ಕ ಬಗ್ಗಿ ಮಂಚದ ಕೆಳಗಿನಿಂದ ಒಂದು ಜೊತೆ ಮೆತ್ತನೆಯ ಚಪ್ಪಲಿ ಎಳೆದಳು. ತಾತ ಎದ್ದು ಓಡಾಡುವ ದಿನ ಹಾಕಿಕೊಳ್ಳಲಿ ಎಂದು ಎರಡು ವರ್ಷದ ಹಿಂದೆ ಮಗ ತಂದಿಟ್ಟಿದ್ದು. ಅಂಗಡಿಯ ಚೀಟಿ ಇನ್ನೂ ಪಟ್ಟಿಗೆ ಅಂಟಿಕೊಂಡಿತ್ತು. ಅಕ್ಕ ಅದನ್ನು ಮಗುಚಿ ಅಂಗಾಲಿನ ಕಡೆ ತೋರಿ ಹಿಡಿದಳು. ಹಿಮ್ಮಡಿಯ ಜಾಗ ಸವೆದು ಕಪ್ಪಾಗಿತ್ತು.

ತಾತ ಅದನ್ನು ನೋಡಿದರು, ಆಮೇಲೆ ಮಗನ ಮುಖ ನೋಡಿದರು.

“ಏಳು,” ಅಂದರು. “ಮಂಚದಿಂದ ಬಾಗಿಲಿಗೆ ಏಳು ಹೆಜ್ಜೆ. ಎರಡು ತಿಂಗಳಾಯ್ತು.”

ಸೊಸೆ ಕೆನ್ನೆಗೆ ಕೈ ಹಚ್ಚಿದಳು. ಮಧ್ಯಾಹ್ನ ಆಗಾಗ ಫೋನಿಗೆ ಬರುತ್ತಿದ್ದ ‘ಮಲಗುವ ಕೋಣೆ’ಯನ್ನು ಅವಳು ಕಿಟಕಿಯ ಪರದೆ ಹಾರಿದ್ದು ಎಂದುಕೊಂಡಿದ್ದಳು. ಎರಡು ವರ್ಷದಿಂದ ಆ ಮನೆ ಕಾದಿದ್ದ ಸುದ್ದಿ ಅದು, ಕಳ್ಳನ ಬೆನ್ನು ಹಿಡಿದು ಒಳಗೆ ಬಂದಿತ್ತು. ಯಾಕೆ ಹೇಳಲಿಲ್ಲ ಅಪ್ಪಾ ಎಂದು ಮಗ ಕೇಳಿದ.

“ಹೇಳಿದ್ರೆ ಏನ್ ಮಾಡ್ತಿದ್ದೆ? ಇನ್ನು ದಾದಿ ಯಾಕೆ ಅಂತಿದ್ದೆ. ಅವಳಿಗೆ ಬೇರೆ ಮನೆ ಸಿಗೋ ತನಕ ಮಲಗಿದ್ರಾಯ್ತು ಅಂದ್ಕೊಂಡೆ.”

ಬಾಗಿಲಲ್ಲಿ ನಿಂತಿದ್ದ ದಾದಿ ಮೆಲ್ಲಗೆ ನಕ್ಕಳು.

“ನನಗೆ ಗೊತ್ತಿತ್ತು ತಾತ. ದಿನಾ ಪಾದಕ್ಕೆ ಎಣ್ಣೆ ಹಚ್ಚೋಳು ನಾನು. ಮಲಗಿದೋರ ಹಿಮ್ಮಡಿ ಬೆಣ್ಣೆ ಹಾಗಿರುತ್ತೆ. ನಿಮ್ಮದು ಗಟ್ಟಿಯಾಗ್ತಿತ್ತು. ನೀವು ನಡೀಲಿ ಅಂತಾನೇ ತಾರಸಿ ಮೇಲೆ ಹೊತ್ತು ಹೆಚ್ಚು ಮಾಡ್ತಿದ್ದೆ.”

ಹತ್ತು ಬಟ್ಟೆ ಒಣಗಿಸಲು ಎರಡು ಗಂಟೆ ಯಾಕೆ ಬೇಕಾಯಿತು ಎಂದು ದಫೇದಾರ ನಾಲ್ಕು ದಿನದಿಂದ ಕೇಳಿದ್ದೇ ಕೇಳಿದ್ದ. ಅವಳು ಬಾಯಿ ಬಿಟ್ಟಿರಲಿಲ್ಲ. ಈಗ ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಅಕ್ಕ ಮಂಚದ ಅಂಚಿನಲ್ಲಿ ಕೂತಳು. ಗುರುವಾರ ಬಾಗಿಲ ತನಕ ಬಂದಾಗ ಏನಾದರೂ ಕಿವಿಗೆ ಬಿತ್ತೇ ಎಂದು ಕೇಳಿದಳು. ಕಣ್ಣಿಗೆ ಬಿತ್ತೇ ಎಂದು ಕೇಳಲಿಲ್ಲ; ಗಡಿಯಾರ ರಿಪೇರಿಯವನೂ ಟೆಲಿಫೋನಿನವಳ ಹಾಗೆ ಕಿವಿಯಿಂದಲೇ ಬದುಕಿದವನು.

ಬಿತ್ತು ಅಂದರು ತಾತ. ಮುಂದಿನ ಕಡೆಯಿಂದ ಅವರ ಗಡಿಯಾರಕ್ಕೆ ಕೀಲಿ ಕೊಡುವ ಸದ್ದು. ಮಗ ಬೇಗ ಬಂದನೇನೋ ಎಂದುಕೊಂಡರು. ಕೂಗಿದರೆ ತಾವು ಎದ್ದದ್ದು ತಿಳಿಯುತ್ತದೆಂದು ಸದ್ದಿಲ್ಲದೆ ಹಿಂದಕ್ಕೆ ಹೋಗಿ ಮಲಗಿದರು. “ಆಮೇಲೆ ಯಾರೂ ನನ್ನ ಏನೂ ಕೇಳ್ಲಿಲ್ಲ. ಎಲ್ಲ ಬಾಗಿಲಾಚೆ ಪಿಸುಪಿಸು. ನಾನೇ ಕೇಳಿದ್ರೆ ಏನಿಲ್ಲ ಏನಿಲ್ಲ.”

ಕದಿಯಲು ಬಂದವನು ನಿಂತು ಕೀಲಿ ಕೊಡುತ್ತಾನೆಯೇ ಎಂದು ಅಕ್ಕ ಯೋಚಿಸಿದಳು. ಆ ಗಡಿಯಾರದ ಕುಂಟು ನಡೆ ಬೀದಿಗೆಲ್ಲ ಗೊತ್ತಿತ್ತು. ಮೂರು ಸಲ ಟಿಕ್ ಎಂದು, ಒಂದು ಉಸಿರು ತಡೆದು, ಆಮೇಲೆ ನಾಲ್ಕನೆಯದು. ಊರಿನ ಗಡಿಯಾರ ನೆಟ್ಟಗೆ ಮಾಡಿದವನ ಸ್ವಂತ ಗಡಿಯಾರ ಕುಂಟು ಎಂದು ಜನ ನಗುತ್ತಿದ್ದರು. ತಾತ ಅದನ್ನು ಸರಿ ಮಾಡಲು ಹೋಗಿರಲಿಲ್ಲ. ಅಂದರೆ ಬಂದವನು ಕೀಲಿ ಕೊಟ್ಟು, ಕಿವಿಗೆ ಹಿಡಿದು, ಆ ಕುಂಟನ್ನು ಕೇಳಿಸಿಕೊಂಡಿದ್ದಾನೆ.

ಆಗ ಪೆಟ್ಟಿಗೆ ಕೀಂ ಎಂದಿತು.

ಎಲ್ಲರೂ ಆ ಕೋಣೆಯಲ್ಲೇ ಇದ್ದರು. ತಾತ, ಮಗ, ಸೊಸೆ, ದಾದಿ, ದಫೇದಾರ, ಅಕ್ಕ. ಮನೆಯಲ್ಲಿ ಇನ್ನು ಅಲುಗಾಡುವವರು ಯಾರೂ ಇರಲಿಲ್ಲ.

ಸೊಸೆ ಬಾಗಿಲಿನಿಂದ ಇಣುಕಿ ಓದಿದಳು. “ಉಗ್ರಾಣ.”

ದಫೇದಾರ ಲಾಠಿ ಹಿಡಿದು ಉಗ್ರಾಣಕ್ಕೆ ನುಗ್ಗಿದ. ಪೀಪಾಯಿ ಉರುಳಿದ ಸದ್ದು ಕೇಳಿತು. ಅಕ್ಕ ಅಷ್ಟರಲ್ಲಿ ಎದುರು ದಿಕ್ಕಿಗೆ, ನಡುಮನೆ ದಾಟಿ, ಹಜಾರದಲ್ಲಿದ್ದಳು.

ಮುಂಬಾಗಿಲು ಅರ್ಧ ತೆರೆದಿತ್ತು. ಬೀಗ ಮುರಿದಿರಲಿಲ್ಲ. ಬೀದಿಯಲ್ಲಿ ಬಿಸಿಲು, ಗೋಡೆಗೆ ಒರಗಿಸಿದ ಒಂದು ಸೈಕಲ್ಲು, ಬೇರೇನೂ ಇಲ್ಲ. ಸ್ವಲ್ಪ ಹೊತ್ತಿನ ಹಿಂದೆ ದಫೇದಾರ ಕೂತಿದ್ದ ಕುರ್ಚಿಯ ಮೇಲೆ, ಅವನ ಚಹಾ ಲೋಟದ ಮಗ್ಗುಲಲ್ಲಿ, ಬೆಳ್ಳಿಯ ಜೇಬುಗಡಿಯಾರ ಇತ್ತು. ಸರಪಳಿ ಇನ್ನೂ ತೂಗಾಡುತ್ತಿತ್ತು.

ಹಿಂದೆ ಬಂದ ಮೀಟರಣ್ಣ ಅದನ್ನು ಕಂಡು ಗೋಡೆಗೆ ಒರಗಿದ. ಸೊಸೆ, ಸಿಕ್ಕಿತು ಮಾವ, ಸಿಕ್ಕಿತು ಎಂದು ಒಳಕ್ಕೆ ಹೇಳಿದಳು. ಮನೆಯ ಗೋಡೆಗಳೇ ಉಸಿರು ಬಿಟ್ಟ ಹಾಗಾಯಿತು. ಅಕ್ಕ ಒಬ್ಬಳು ಮಾತ್ರ ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು. ಟಿಕ್, ಟಿಕ್, ಟಿಕ್, ಟಿಕ್. ಎಲ್ಲೋ ಏನೋ ಸರಿಯಿರಲಿಲ್ಲ.

ನಡುಮನೆಯಿಂದ ಎಣಿಕೆಯ ದನಿ ಬಂತು. ಹದಿನೇಳು. ಹದಿನೆಂಟು. ತಾತ ಗೋಡೆ ಹಿಡಿದು, ಆ ಸವೆದ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದರು. ದಾದಿ ಒಂದು ಕೈ ಅಂತರದಲ್ಲಿ ಮುಟ್ಟದೆ ಜೊತೆಗೆ ಬರುತ್ತಿದ್ದಳು. ಇಪ್ಪತ್ತೆರಡನೆಯ ಹೆಜ್ಜೆಗೆ ಕುರ್ಚಿ ಮುಟ್ಟಿದರು. ಗಡಿಯಾರ ಎತ್ತಿ ಕಿವಿಗೆ ಹಿಡಿದರು.

ಅವರ ಮುಖದ ಮೇಲಿನ ನಗು ಹಾಗೇ ನಿಂತಿತು.

“ಚಿಪ್ಪು ನನ್ನದೇ, ಸರಪಳಿ ನನ್ನದೇ,” ಅಂದರು. “ಕುಂಟು ಹೋಗಿದೆ. ಯಾರೋ ಬಿಚ್ಚಿ ಸರಿ ಮಾಡಿದ್ದಾರೆ.”

“ಯಾರಿಗೆ ಬರುತ್ತೆ ಮಾವ ಆ ಕೆಲಸ?” ಸೊಸೆ ಕೇಳಿದಳು.

“ಒಂದಲ್ಲ ಒಂದಿನ ನಿಮ್ಮ ಗಡಿಯಾರದ ಕುಂಟು ಸರಿ ಮಾಡೇ ಮಾಡ್ತೀನಿ ಅಂದೋನು ಒಬ್ಬನೇ. ನಿನ್ನ ಗಂಡನ ಅಣ್ಣ.”

ಹನ್ನೊಂದು ವರ್ಷ ಆ ಮನೆಯಲ್ಲಿ ಬಾಳಿದ ಸೊಸೆ, ತನ್ನ ಗಂಡನಿಗೆ ಒಬ್ಬ ಅಣ್ಣನಿದ್ದಾನೆ ಎಂಬ ಮಾತನ್ನು ಆವತ್ತೇ ಮೊದಲು ಕೇಳಿದ್ದು. ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅಕ್ಕನ ಸೆರಗಿನ ಗಂಟು ತಾನಾಗಿ ಬಿಚ್ಚಿಕೊಂಡಿತು: ಒಂದು, ಎರಡು, ನಾಲ್ಕು; ಮೂರನೆಯ ಕೀಲಿ ಆ ಅಣ್ಣನದು.

ಮೀಟರಣ್ಣ ಹೆಂಡತಿಯನ್ನು ನೋಡಲಿಲ್ಲ. ಅಪ್ಪನ ಕೈಯಲ್ಲಿ ಒಂದೇ ಸಮನೆ ನಡೆಯುತ್ತಿದ್ದ ಗಡಿಯಾರವನ್ನೇ ನೋಡುತ್ತ ಕೇಳಿದ:

“ಅವನ ಸುದ್ದಿ ಈ ಮನೇಲಿ ಎತ್ತಬಾರದು ಅಂತ ನನ್ನ ಕೈಲಿ ಆಣೆ ಹಾಕಿಸಿದೋರು ನೀವೇ ಅಲ್ವಾ ಅಪ್ಪಾ?”